ಮಳೆಗಾಲದ ಸಿನಿಮಾ ಪಟ್ಟಿ, ತೋಟದವರ ಲೆಕ್ಕದಲ್ಲಿ

ಮೂಡಿಗೆರೆ ಕಡೆಯ ಸದಸ್ಯರ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆಯುತ್ತಿದ್ದೇನೆ. ಮಳೆ ಬಿಡುತ್ತಿಲ್ಲ, ತೋಟಕ್ಕೆ ಇಳಿಯೋಕೆ ಆಗುತ್ತಿಲ್ಲ, ಮನೆಯಲ್ಲಿ ವಯಸ್ಸಾದ ಅಪ್ಪ ಮತ್ತು ಹೈಸ್ಕೂಲಿಗೆ ಹೋಗುವ ಮಕ್ಕಳಿದ್ದಾರೆ, ಈಚೆಗೆ ನೋಡಿದ್ದರಲ್ಲಿ ಯಾವ ಸಿನಿಮಾ ಮೊದಲು, ಯಾವುದು ಆಮೇಲೆ ಅಂತ ನಂಬರ್ ಹಾಕಿ ಹೇಳಿ ಎಂದು ಕೇಳಿದ್ದೀರಿ. ಕೆಳಗೆ ಒಬ್ಬರು ‘ಇದು ಕಾಫಿ ಮೆಣಸಿನ ಗುಂಪು, ಇಲ್ಲಿ ಸಿನಿಮಾ ಯಾಕೆ’ ಅಂದಿದ್ದಾರೆ. ಸ್ವಾಮಿ, ಈ ಮಳೆಯಲ್ಲಿ ಔಷಧಿ ಹೊಡೆದರೆ ಎಲೆ ಮೇಲೆ ನಿಲ್ಲಲ್ಲ, ಗೊಬ್ಬರ ಹಾಕಿದರೆ ಹಳ್ಳಕ್ಕೆ ಹೋಗುತ್ತದೆ. ಬೋರ್ಡೋ, ಅಂದರೆ ಕೊಳೆರೋಗಕ್ಕೆ ಹೊಡೆಯುವ ನೀಲಿ ಔಷಧಿ, ಅದರ ಬಗ್ಗೆ ಮಾತಾಡಿ ಮಾತಾಡಿ ಗುಂಪೇ ನೀಲಿಯಾಗಿದೆ. ನಾಲ್ಕು ದಿನ ಸಿನಿಮಾ ಮಾತಾಡಿದರೆ ಏನೂ ಆಗಲ್ಲ ಬಿಡಿ.

ನಾನು ಸಕಲೇಶಪುರದ ಕಡೆಯವನು, ವಿಮರ್ಶಕ ಅಲ್ಲ. ನನ್ನ ಅಳತೆ ಒಂದೇ. ಪರದೆಯಲ್ಲಿ ಕಾಣುವ ನೆಲದ ಮೇಲೆ ಯಾರಾದರೂ ಕೆಲಸ ಮಾಡುತ್ತಾರಾ? ಆ ಕೆಲಸ ಹೇಗೆ ನಡೆಯುತ್ತದೆ ಅಂತ ಸಿನಿಮಾ ಮಾಡಿದವರಿಗೆ ಗೊತ್ತಿದೆಯಾ? 2006ರ ಕೊನೆಗೆ ‘ಮುಂಗಾರು ಮಳೆ’ ಬಂತು. ಅಲ್ಲಿಂದ ಹೊರಗಿನವರಿಗೆ ನಮ್ಮ ಮಳೆ ಎಂದರೆ ಹಾಡು. ಹಾಡುಗಳು ಚೆನ್ನಾಗಿದ್ದವು, ನಾನೂ ಗುನುಗಿದ್ದೇನೆ. ಆದರೆ ಆಮೇಲೆ ಬಂದ ಎಷ್ಟೋ ಸಿನಿಮಾಗಳಲ್ಲಿ ತೋಟ ಎಂದರೆ ನಾಯಕಿ ಓಡಿ ಬರುವ ಜಾಗ, ಅಷ್ಟೇ. ಚಿಗುರು ತೆಗೆಯುವವರು ಇಲ್ಲ, ನೆರಳು ಮರದ ಕೊಂಬೆ ಕಡಿಯುವ ಮರಗಸಿ ಇಲ್ಲ, ಕಣದಲ್ಲಿ ಕಾಫಿ ಇಲ್ಲ. ಬಿಳಿ ಬಟ್ಟೆ ಹಾಕಿಕೊಂಡು ಗಿಡದ ಮಧ್ಯೆ ಕುಣಿದರೂ ಒಂದು ಜಿಗಣೆ ಹತ್ತಲ್ಲ. ಅಂಥವನ್ನೆಲ್ಲ ಈ ಪಟ್ಟಿಯಿಂದ ಬಿಟ್ಟಿದ್ದೇನೆ.

ಒಂದನೇ ನಂಬರ್ ತಮಿಳಿನ ‘ಕಡೈಸಿ ವಿವಸಾಯಿ’. ಕೊನೆಯ ರೈತ ಅಂತ. 2022ರಲ್ಲಿ ಬಂದಿದ್ದು, ನಿರ್ದೇಶಕ ಎಂ. ಮಣಿಕಂಡನ್, ಕ್ಯಾಮೆರಾವೂ ಅವರದೇ. ಊರ ದೇವರ ಹಬ್ಬ ಮಾಡಬೇಕು. ಅದಕ್ಕೆ ಊರಿನಲ್ಲೇ ಬೆಳೆದ ಹೊಸ ಭತ್ತ ಬೇಕು. ನೋಡಿದರೆ ಊರಲ್ಲಿ ಇನ್ನೂ ಉಳುಮೆ ಮಾಡುತ್ತಿರುವವನು ಕಿವಿ ಮಂದವಾದ ಒಬ್ಬ ಮುದುಕ ಮಾತ್ರ, ಮಾಯಾಂಡಿ. ಅವನು ಬಿತ್ತುತ್ತಾನೆ. ಗದ್ದೆಯಲ್ಲಿ ನವಿಲು ಸತ್ತು ಬಿದ್ದಿರುತ್ತವೆ, ಪಾಪ ಅಂತ ಹೂಳುತ್ತಾನೆ. ರಾಷ್ಟ್ರಪಕ್ಷಿ ಕೊಂದ ಅಂತ ಕೇಸು ಬೀಳುತ್ತದೆ. ಅರಸೀಕೆರೆ ಕಡೆಯ ಸದಸ್ಯರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಬಿತ್ತನೆ ಹೊತ್ತಿಗೆ ನವಿಲು ಏನು ಮಾಡುತ್ತದೆ, ಅದರ ತಂಟೆಗೆ ಹೋದರೆ ಏನಾಗುತ್ತದೆ ಎರಡೂ ನಿಮಗೆ ಗೊತ್ತು.

ನನಗೆ ಹಿಡಿಸಿದ್ದು ಕೇಸಿಗಿಂತ ಆಮೇಲಿನದು. ಮುದುಕ ಜೈಲಿನೊಳಗೆ ಕೂತಿದ್ದಾನೆ, ಗದ್ದೆ ಒಣಗುತ್ತಿದೆ. ಅವನಿಗೆ ಶಿಕ್ಷೆಯ ಚಿಂತೆ ಇಲ್ಲ, ನೀರಿನ ಚಿಂತೆ. ನ್ಯಾಯಾಧೀಶೆ ಪೊಲೀಸ್ ಪೇದೆಗೆ ಹೋಗಿ ಪೈರಿಗೆ ನೀರು ಕಟ್ಟು ಅನ್ನುತ್ತಾರೆ. ಆ ಪೇದೆ ದಿನಾ ಗದ್ದೆಗೆ ಹೋಗೋದು ನೋಡಿ ನಗು ಬರುತ್ತದೆ, ಸ್ವಲ್ಪ ಹೊತ್ತಿಗೆ ನಗು ನಿಲ್ಲುತ್ತದೆ. ಮಾಯಾಂಡಿಯಾಗಿ ಮಾಡಿದ ನಲ್ಲಾಂಡಿ ನಟರಲ್ಲ, ನಿಜವಾದ ರೈತ. ಸಿನಿಮಾ ಬಿಡುಗಡೆಗೆ ಮುಂಚೆಯೇ ತೀರಿಕೊಂಡರು. 69ನೇ ರಾಷ್ಟ್ರಪ್ರಶಸ್ತಿಯಲ್ಲಿ ಇದು ಅತ್ಯುತ್ತಮ ತಮಿಳು ಚಿತ್ರವಾಯಿತು, ಅವರ ಹೆಸರಿಗೂ ವಿಶೇಷ ಉಲ್ಲೇಖ ಸಿಕ್ಕಿತು. ಅವರು ಬಗ್ಗುವುದು, ಸಸಿ ಮುಟ್ಟುವುದು, ಬದುವಿನ ಮೇಲೆ ಸುಮ್ನೆ ಕೂರುವುದು ನೋಡಿ. ಒಬ್ಬ ನಟನಿಗೆ ಆರು ತಿಂಗಳು ಹೇಳಿಕೊಟ್ಟರೂ ಆ ಬೆನ್ನು ಬರಲ್ಲ.

ಇದರಲ್ಲಿ ಯೋಗಿಬಾಬು ಪಾತ್ರ ಒಂದಿದೆ, ಜಮೀನು ಮಾರಿ ಆನೆ ಕೊಂಡವನು. ನಮ್ಮ ಸಕಲೇಶಪುರ, ಆಲೂರಿನವರು ಇಲ್ಲಿ ಸ್ವಲ್ಪ ಜಾಸ್ತಿಯೇ ನಗುತ್ತೀರಿ. ನಮಗೆ ಆನೆ ದುಡ್ಡು ಕೊಡದೆ ಬರುತ್ತದೆ, ಜಮೀನು ಮಾರುವ ಯೋಚನೆ ಆಮೇಲೆ ಬರುತ್ತದೆ. ಸಿನಿಮಾ ನಿಧಾನ. ವಿಜಯ್ ಸೇತುಪತಿ ಹೆಸರು ನೋಡಿ ಫೈಟ್ ಇರತ್ತೆ ಅಂತ ಕೂತರೆ ಬೇಜಾರಾಗುತ್ತದೆ, ಅವರ ಪಾತ್ರ ಚಿಕ್ಕದು. ನಿಮ್ಮ ಅಪ್ಪನಿಗೆ ಮೊದಲು ಇದನ್ನೇ ತೋರಿಸಿ.

ಎರಡನೇದು ಮಲಯಾಳಂ ‘ಕಿಷ್ಕಿಂಧಾ ಕಾಂಡಂ’, 2024ರ ಓಣಂ ಹೊತ್ತಿಗೆ ಬಂದಿದ್ದು. ನಿರ್ದೇಶನ ದಿಂಜಿತ್ ಅಯ್ಯತ್ತಾನ್. ಕಥೆ ಬರೆದ ಬಾಹುಲ್ ರಮೇಶ್ ಅವರೇ ಕ್ಯಾಮೆರಾ ಹಿಡಿದಿದ್ದಾರೆ. ಕಾಡಂಚಿನ ಒಂದು ಮನೆ, ಸುತ್ತ ಮಂಗಗಳು, ಮಿಲಿಟರಿಯಿಂದ ನಿವೃತ್ತನಾದ ಗಡಸು ಅಪ್ಪ, ಹೊಸದಾಗಿ ಮದುವೆಯಾಗಿ ಬಂದ ಸೊಸೆ. ಚುನಾವಣೆ ಬಂತು, ಲೈಸೆನ್ಸ್ ಬಂದೂಕು ಸ್ಟೇಷನ್ನಿಗೆ ಒಪ್ಪಿಸಬೇಕು. ಬಂದೂಕು ಕಾಣುತ್ತಿಲ್ಲ. ಇಷ್ಟೇ ಶುರು.

ಬೆಂಗಳೂರಿನವರಿಗೆ ಇದೊಂದು ಪತ್ತೇದಾರಿ ಗಂಟು. ಬೆಳೆ ರಕ್ಷಣೆಗೆ ಕೋವಿ ಇಟ್ಟುಕೊಂಡ ನಮಗೆ ಮೊದಲ ಹತ್ತು ನಿಮಿಷಕ್ಕೇ ಎದೆ ಹಿಡಿದುಕೊಳ್ಳುತ್ತದೆ. ಚುನಾವಣೆ ದಿನಾಂಕ ಬಂತೆಂದರೆ ಕೋವಿ ಒರೆಸಿ, ಲೈಸೆನ್ಸ್ ಪುಸ್ತಕ ಹುಡುಕಿ, ಸ್ಟೇಷನ್ನಿಗೆ ಒಪ್ಪಿಸಿ ರಸೀದಿ ತರುವುದು ನಮ್ಮಲ್ಲಿ ಎಷ್ಟು ಮನೆಗಳ ಕೆಲಸ! ಆ ಹೊತ್ತಿಗೆ ಕೋವಿ ಸಿಗಲಿಲ್ಲ ಅಂದರೆ? ಅಪ್ಪು ಪಿಳ್ಳೆಯಾಗಿ ವಿಜಯರಾಘವನ್ ಮಾಡಿರುವುದನ್ನು ಎರಡನೇ ಸಲ ನೋಡಿದಾಗ ಇನ್ನೂ ಚೆನ್ನಾಗಿ ಅರ್ಥವಾಯಿತು. ಪ್ರತಿ ನೋಟಕ್ಕೂ ಕಾರಣ ಇದೆ. ಮಂಗ ಅಲಂಕಾರಕ್ಕೆ ಬಂದಿಲ್ಲ, ಕಥೆಗೆ ಬೇಕಾಗಿಯೇ ಬಂದಿದೆ. ಇದಕ್ಕಿಂತ ಜಾಸ್ತಿ ಹೇಳಿದರೆ ನಿಮ್ಮ ಮಜಾ ಹೋಗುತ್ತದೆ.

ಒಂದು ಎಚ್ಚರಿಕೆ. ಆ ಅಪ್ಪನಿಗೆ ಮರೆವು ಇದೆ, ಸಿನಿಮಾ ಅದರ ಸುತ್ತಲೇ ತಿರುಗುತ್ತದೆ. ನಿಮ್ಮ ಅಪ್ಪನಿಗೂ ಈಗೀಗ ಮರೆವು ಶುರುವಾಗಿದ್ದರೆ ಅವರ ಜೊತೆ ಕೂತು ನೋಡಬೇಡಿ. ಅವರು ಮಲಗಿದ ಮೇಲೆ ನೋಡಿ.

ಮೂರನೇದು ‘ಸು ಫ್ರಮ್ ಸೋ’. ಜೆ.ಪಿ. ತುಮಿನಾಡು ನಿರ್ದೇಶನ, 2025ರ ಜುಲೈನಲ್ಲಿ ಬಂತು. ಮೊದಲು ಕೆಲವೇ ಶೋ, ಆಮೇಲೆ ಬಾಯಿಂದ ಬಾಯಿಗೆ ಹರಡಿ ಟಿಕೆಟ್ ಸಿಗದ ಹಾಗಾಯಿತು. ಕರಾವಳಿಯ ಒಂದು ಊರು. ಹುಡುಗನೊಬ್ಬ ತನ್ನ ತಪ್ಪಿನಿಂದ ತಪ್ಪಿಸಿಕೊಳ್ಳೋಕೆ ಮೈಮೇಲೆ ಬಂದವನ ಹಾಗೆ ಆಡುತ್ತಾನೆ, ಊರಿಗೆ ಊರೇ ಸೋಮೇಶ್ವರದ ಸುಲೋಚನಾ ಬಂದಿದ್ದಾಳೆ ಅಂತ ನಂಬುತ್ತದೆ. ಶನೀಲ್ ಗೌತಮ್ ಮಾಡಿದ ರವಿಯಣ್ಣ ಇಡೀ ಊರಿನ ಕೆಲಸವನ್ನು ತಲೆ ಮೇಲೆ ಹೊತ್ತುಕೊಂಡವನು. ಪ್ರತಿ ಹೋಬಳಿಯಲ್ಲೂ ಇಂಥ ಒಬ್ಬರು ಇರುತ್ತಾರೆ. ಸಾವಿನ ಮನೆಗೂ ಅವರೇ, ಮದುವೆ ಮನೆಗೂ ಅವರೇ, ಟ್ರಾನ್ಸ್‌ಫಾರ್ಮರ್ ಸುಟ್ಟರೆ ಫೋನ್ ಮಾಡುವುದೂ ಅವರಿಗೇ. ನಿಮ್ಮ ಮಕ್ಕಳ ಜೊತೆ ನೋಡೋಕೆ ಇದೇ ಸರಿ. ಕೆಲವು ಮಾತು ಸ್ವಲ್ಪ ಪೋಲಿ ಇವೆ, ಆದರೆ ಹೈಸ್ಕೂಲ್ ಮಕ್ಕಳು ಬಸ್ಸಿನಲ್ಲಿ ಅದಕ್ಕಿಂತ ಜಾಸ್ತಿ ಕೇಳಿರುತ್ತಾರೆ. ಕೊನೆಯ ಅರ್ಧ ಗಂಟೆ ಗಂಭೀರವಾಗುತ್ತದೆ. ಕೆಲವರಿಗೆ ಅದು ಹಿಡಿಸಲಿಲ್ಲವಂತೆ. ಅದಿಲ್ಲದಿದ್ದರೆ ಇದು ಬರೀ ನಗಿಸುವ ಸಿನಿಮಾ ಆಗುತ್ತಿತ್ತು, ನಾನು ಮೂರನೇ ಸ್ಥಾನ ಕೊಡುತ್ತಿರಲಿಲ್ಲ.

ನಾಲ್ಕನೇದು ಮಲಯಾಳಂ ‘ಜೋಜಿ’, 2021. ದಿಲೀಶ್ ಪೋತನ್ ನಿರ್ದೇಶನ, ಫಹಾದ್ ಫಾಸಿಲ್. ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ಎಳೆಯನ್ನು ತಂದು ಕೇರಳದ ಒಂದು ತೋಟದ ಮನೆಯಲ್ಲಿ ಕೂರಿಸಿದ್ದಾರೆ. ಅಪ್ಪನ ಕೈಯಲ್ಲಿ ತೋಟ, ಅಪ್ಪನ ಕೈಯಲ್ಲಿ ಚೆಕ್ ಬುಕ್. ಬೆಳೆದ ಗಂಡು ಮಕ್ಕಳು ಖರ್ಚಿಗೆ ಅವನ ಮುಖ ನೋಡಬೇಕು. ಅಪ್ಪ ಕೆರೆಯಿಂದ ಫುಟ್‌ವಾಲ್ವ್, ಅಂದರೆ ಪಂಪಿನ ಪೈಪಿನ ತುದಿಯಲ್ಲಿ ನೀರಿನೊಳಗಿರುವ ವಾಲ್ವ್, ಎಳೆಯುವಾಗ ಪಾರ್ಶ್ವವಾಯು ಹೊಡೆದು ಬೀಳುತ್ತಾನೆ. ಫುಟ್‌ವಾಲ್ವ್! ಪಂಪಿನ ಕೆಲಸ ಗೊತ್ತಿದ್ದವರು ಮಾತ್ರ ಇದನ್ನು ಬರೆಯೋಕೆ ಸಾಧ್ಯ. ಇನ್ಯಾರೋ ಬರೆದಿದ್ದರೆ ಮೆಟ್ಟಿಲಿಂದ ಬೀಳಿಸುತ್ತಿದ್ದರು. ಎರಡು ಗಂಟೆಯೊಳಗೆ ಮುಗಿಯುತ್ತದೆ. ಪಾಲು ಇನ್ನೂ ಆಗದ ಮನೆಯಲ್ಲಿ ಅಣ್ಣತಮ್ಮಂದಿರು ಒಟ್ಟಿಗೆ ಕೂತು ನೋಡುವ ಸಿನಿಮಾ ಅಲ್ಲ ಇದು. ತಮಾಷೆಗೆ ಹೇಳುತ್ತಿಲ್ಲ.

ಐದು, ‘ಡೇರ್‌ಡೆವಿಲ್ ಮುಸ್ತಫಾ’. 2023ರದ್ದು, ಶಶಾಂಕ್ ಸೋಗಾಲ್ ನಿರ್ದೇಶನ. ಮೂಡಿಗೆರೆಯವರಿಗೆ ತೇಜಸ್ವಿ ಕಥೆಯ ಸಿನಿಮಾ ಹೇಳಿಕೊಡುವುದು ನನ್ನ ಕೆಲಸ ಅಲ್ಲ, ನೀವು ಆಗಲೇ ನೋಡಿರುತ್ತೀರಿ. ತೇಜಸ್ವಿ ಓದುಗರೇ ದುಡ್ಡು ಹಾಕಿ ಮಾಡಿದ ಸಿನಿಮಾ ಅನ್ನೋದು ಇದರ ಬಲ. ಕ್ರಿಕೆಟ್ ಮ್ಯಾಚ್ ಸ್ವಲ್ಪ ಎಳೆದಿದ್ದಾರೆ. ಮಕ್ಕಳಿಗೆ ಆ ಭಾಗವೇ ಇಷ್ಟವಾಗುತ್ತದೆ, ಹಾಗಾಗಿ ಸುಮ್ಮನಿದ್ದೇನೆ.

ಆರು, ‘ಶಾಖಾಹಾರಿ’. 2024. ಮಲೆನಾಡಿನ ಊರೊಂದರಲ್ಲಿ ಸಸ್ಯಾಹಾರಿ ಹೋಟೆಲ್ ನಡೆಸುವ ಸುಬ್ಬಣ್ಣ, ಅಂದರೆ ರಂಗಾಯಣ ರಘು. ಅವರು ಒಲೆ ಮುಂದೆ ನಿಂತಾಗ ನಟನೆ ಅನಿಸಲ್ಲ, ಬೆಳಗ್ಗೆ ಐದಕ್ಕೆ ಎದ್ದು ಸಾಂಬಾರಿಗೆ ಇಟ್ಟವರ ಹಾಗೇ ಇದ್ದಾರೆ. ಗೋಪಾಲಕೃಷ್ಣ ದೇಶಪಾಂಡೆ ಪೊಲೀಸ್. ಮೊದಲರ್ಧ ಬಹಳ ಚೆನ್ನಾಗಿದೆ, ಆಮೇಲೆ ಕೊಲೆ ಜಾಸ್ತಿಯಾಗಿ ಹೋಟೆಲ್ ಹಿಂದಕ್ಕೆ ಸರಿಯುತ್ತದೆ. ಊಟ ಮಾಡುತ್ತಾ ನೋಡಬೇಡಿ.

ಈಗ ಜಗಳದ ವಿಷಯ. ಈ ಪ್ರಶ್ನೆಯ ಕೆಳಗೆ ಇಬ್ಬರು ‘ಕಾಂತಾರ’ ಒಂದನೇ ನಂಬರ್ ಅಂದಿದ್ದಾರೆ. ನಾನು ಏಳನೇದಾಗಿ ಇಡುತ್ತೇನೆ, ಬೈಯಬೇಡಿ. 2022ರಲ್ಲಿ ಹಾಸನದ ಥಿಯೇಟರಿನಲ್ಲಿ ನೋಡಿದಾಗ ಕೊನೆಯ ಇಪ್ಪತ್ತು ನಿಮಿಷ ನನಗೂ ರೋಮ ಎದ್ದಿತ್ತು. ರಿಷಬ್ ಶೆಟ್ಟರಿಗೆ ರಾಷ್ಟ್ರಪ್ರಶಸ್ತಿ ಬಂದಿದ್ದು ಸರಿಯೇ. ಮನೆಯ ಟಿವಿಯಲ್ಲಿ ಮತ್ತೆ ನೋಡಿದಾಗ ನನ್ನ ಕಣ್ಣು ಹೋಗಿದ್ದು ಗಡಿಯ ಮೇಲೆ. ಅರಣ್ಯ ಯಾವುದು, ಊರವರ ಜಾಗ ಯಾವುದು ಅನ್ನುವ ಗಲಾಟೆ ಅದರ ಬೆನ್ನೆಲುಬು, ಅಲ್ವಾ? ಆ ಕಥೆ ನಡೆಯುವುದು 1990ರಲ್ಲಿ. ನಮ್ಮಲ್ಲಿ ಸರ್ವೆ ನಂಬರ್ ಹಿಡಿದುಕೊಂಡು ಓಡಾಡುವವರಿಗೆ ಅದು ಇವತ್ತಿನ ಬೆಳಗಿನ ಮಾತು. ಸಿನಿಮಾ ಅದನ್ನು ಎತ್ತಿಕೊಳ್ಳುತ್ತದೆ, ಆಮೇಲೆ ದೈವದ ಕೈಗೆ ಕೊಟ್ಟು ಬಿಡುತ್ತದೆ. ಒಬ್ಬ ಧಣಿ ಕೆಟ್ಟವನು, ಅವನು ಸತ್ತರೆ ಅಧಿಕಾರಿಯೂ ಊರೂ ಒಂದಾಗುತ್ತವೆ. ನೋಡೋಕೆ ಸೊಗಸು. ಅರಣ್ಯ ಮತ್ತು ಕಂದಾಯ ಇಲಾಖೆ ಸೇರಿ ಮಾಡುವ ಜಂಟಿ ಸರ್ವೆಗೆ ಕಾದು ಕೂತವನಿಗೆ ಸ್ವಲ್ಪ ಸುಲಭವಾಯಿತು ಅನಿಸುತ್ತದೆ.

2025ರ ಅಕ್ಟೋಬರಿನಲ್ಲಿ ಬಂದ ‘ಕಾಂತಾರ ಅಧ್ಯಾಯ 1’ ಎಂಟನೇದು. ಕಾಡಿನವರು ಬೆಳೆದ ಸಾಂಬಾರ ಪದಾರ್ಥವನ್ನು ಮಧ್ಯದವರಿಲ್ಲದೆ ಬಂದರಿಗೆ ಒಯ್ಯುವ ಭಾಗ ಇದೆಯಲ್ಲ, ಅದನ್ನು ಈ ಗುಂಪಿನ ಮೆಣಸು ಬೆಳೆಗಾರರೆಲ್ಲ ನೋಡಬೇಕು. ಉಳಿದಿದ್ದು ಯುದ್ಧ. ದೊಡ್ಡ ಪರದೆಗೆ ಮಾಡಿದ್ದು, ಟಿವಿಯಲ್ಲಿ ಅರ್ಧ ಹೋಗುತ್ತದೆ.

ಕೊನೆಗೆ ‘ಸಪ್ತ ಸಾಗರದಾಚೆ ಎಲ್ಲೋ’, 2023ರಲ್ಲಿ ಎರಡು ಭಾಗವಾಗಿ ಬಂತು. ಕೆಟ್ಟ ಸಿನಿಮಾ ಅಂತ ಕೊನೆಗೆ ಹಾಕಿದ್ದಲ್ಲ. ರುಕ್ಮಿಣಿ ವಸಂತ್, ರಕ್ಷಿತ್ ಶೆಟ್ಟಿ ಇಬ್ಬರೂ ಚೆನ್ನಾಗಿ ಮಾಡಿದ್ದಾರೆ, ಚರಣ್ ರಾಜ್ ಸಂಗೀತ ತಲೆಯಲ್ಲಿ ಉಳಿಯುತ್ತದೆ. ಆದರೆ ಬಿಸಿಲು ಕಾಣದೆ ವಾರಗಟ್ಟಲೆ ಆದಾಗ ಇದನ್ನು ನೋಡಬೇಡಿ. ಡಿಸೆಂಬರಿನಲ್ಲಿ, ಕಾಫಿ ಕಣದಲ್ಲಿ ಒಣಗುತ್ತಿರುವಾಗ ನೋಡಿ. ಎರಡನೇ ಭಾಗ ನೋಡದಿದ್ದರೂ ನಷ್ಟ ಇಲ್ಲ.

ಒಂದಕ್ಕೆ ನಂಬರ್ ಕೊಟ್ಟಿಲ್ಲ. ‘ದಿ ಎಲಿಫೆಂಟ್ ವಿಸ್ಪರರ್ಸ್’, ಕಾರ್ತಿಕಿ ಗೊನ್ಸಾಲ್ವಿಸ್ ಮಾಡಿದ ಸಾಕ್ಷ್ಯಚಿತ್ರ, 2023ರಲ್ಲಿ ಆಸ್ಕರ್ ಬಂದಿದ್ದು. ಮುದುಮಲೆಯ ತೆಪ್ಪಕಾಡು ಶಿಬಿರದಲ್ಲಿ ಬೊಮ್ಮನ್, ಬೆಳ್ಳಿ ದಂಪತಿ ತಾಯಿ ಇಲ್ಲದ ಮರಿ ರಘುವನ್ನು ಸಾಕುವ ಕಥೆ. ಸುಮಾರು ನಲವತ್ತು ನಿಮಿಷ. ನಮ್ಮ ಕಡೆಯವರು ಇದನ್ನು ಹೇಗೆ ನೋಡಬೇಕು ಅಂತ ನನಗೆ ಇನ್ನೂ ತೀರ್ಮಾನ ಆಗಿಲ್ಲ. ಬೆಳಗ್ಗೆ ಎದ್ದರೆ ಮೊಬೈಲಿನಲ್ಲಿ ಆನೆ ಎಲ್ಲಿದೆ ಅನ್ನುವ ಮೆಸೇಜ್ ನೋಡಿ ಕೆಲಸಗಾರರನ್ನು ಯಾವ ಕಡೆ ಕಳಿಸಬೇಕು ಅಂತ ಯೋಚನೆ ಮಾಡುವವರು ನಾವು. ಆನೆ ತುಳಿತಕ್ಕೆ ಸಿಕ್ಕವರ ಮನೆಗೆ ಹೋಗಿ ಕೂತು ಬಂದವರು. ಆ ಮರಿಯನ್ನು ಮುದ್ದು ಮಾಡುವುದು ನೋಡಿದಾಗ ಮೊದಲು ನನಗೆ ಸಿಟ್ಟೇ ಬಂತು. ಆಮೇಲೆ ನೆನಪಾಗಿದ್ದು ಅರ್ಜುನ. ಎಂಟು ಸಲ ದಸರಾ ಅಂಬಾರಿ ಹೊತ್ತ ಆನೆ. 2023ರ ಡಿಸೆಂಬರ್ 4ರಂದು ನಮ್ಮ ಯಸಳೂರು ಕಾಡಿನಲ್ಲೇ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸತ್ತಿತು. ಅವತ್ತು ಅತ್ತವರಲ್ಲಿ ಆನೆಯಿಂದ ಬೆಳೆ ಕಳೆದುಕೊಂಡವರೂ ಇದ್ದರು. ಸಿನಿಮಾದಲ್ಲಿ ರಘುವನ್ನು ಬೇರೆಯವರ ಕೈಗೆ ಒಪ್ಪಿಸುವ ಹೊತ್ತಿಗೆ ಬೆಳ್ಳಿಯವರ ಮುಖ ನೋಡಿ. ಅವರೂ ಕೆಲಸ ಮಾಡುವವರೇ. ಸಾಕುವುದು, ಮೀಯಿಸುವುದು, ಮುದ್ದೆ ಮಾಡಿ ತಿನ್ನಿಸುವುದು. ನನ್ನ ಅಳತೆಯಲ್ಲಿ ಇದು ಪಾಸ್. ನಂಬರ್ ಮಾತ್ರ ಕೇಳಬೇಡಿ.

ಇನ್ನು ನೋಡುವ ವ್ಯವಸ್ಥೆ. ಯಾವ ಸಿನಿಮಾ ಯಾವ ಆಪಿನಲ್ಲಿ ಇದೆ ಅನ್ನೋದು ಬದಲಾಗುತ್ತಾ ಇರುತ್ತದೆ, ಹೆಸರು ಹಾಕಿ ಹುಡುಕಿ. ತಮಿಳು, ಮಲಯಾಳಂ ಸಿನಿಮಾ ಹಾಕುವ ಮುಂಚೆ ಆಡಿಯೋ ಸೆಟ್ಟಿಂಗಿನಲ್ಲಿ ಕನ್ನಡ ಇದೆಯಾ ನೋಡಿ. ಇಲ್ಲದಿದ್ದರೆ ಸಬ್‌ಟೈಟಲ್ ಅಕ್ಷರ ದೊಡ್ಡದು ಮಾಡುವ ಆಯ್ಕೆ ಇರುತ್ತದೆ, ವಯಸ್ಸಾದವರಿಗೆ ಅದು ಬೇಕು. ‘ಕಡೈಸಿ ವಿವಸಾಯಿ’ಗೆ ಮಾತು ಕಮ್ಮಿ, ತೊಂದರೆ ಆಗಲ್ಲ. ‘ಜೋಜಿ’ಯಲ್ಲಿ ಪಿಸುಮಾತು ಜಾಸ್ತಿ. ಶೀಟಿನ ಮನೆಯಾದರೆ ಮಳೆ ಸದ್ದಿಗೆ ಏನೂ ಕೇಳಲ್ಲ, ಹೆಡ್‌ಫೋನ್ ಹಾಕಿಕೊಳ್ಳಿ. ಬೇಕಾದ್ದನ್ನು ಪೇಟೆಗೆ ಬಂದಾಗ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಗಾಳಿ ಮಳೆಗೆ ಮರ ಬಿದ್ದು ಕರೆಂಟ್ ಹೋದರೆ ಟವರ್ ಕೂಡ ಹಿಂದೆಯೇ ಹೋಗುತ್ತದೆ. ಯುಪಿಎಸ್ ಹಳೆಯದಾಗಿದ್ದರೆ ಟಿವಿ ಬಿಟ್ಟು ಟ್ಯಾಬ್‌ನಲ್ಲಿ ನೋಡಿ, ರಾತ್ರಿ ಲೈಟಿಗೆ ಬ್ಯಾಟರಿ ಉಳಿಯಲಿ.

ಲೈನ್ ಮನೆಯವರಿಗೆ, ಅಂದರೆ ತೋಟದ ಸಾಲುಮನೆಗಳಲ್ಲಿರುವ ಕೆಲಸಗಾರರಿಗೆ ತೋರಿಸುವವರು ಪ್ರೊಜೆಕ್ಟರ್ ಇದ್ದರೆ ಆನೆಯ ಸಾಕ್ಷ್ಯಚಿತ್ರ ಹಾಕಿ. ಅಸ್ಸಾಂನಿಂದ ಬಂದವರಿಗೆ ಭಾಷೆಯ ಅಡ್ಡಿ ಜಾಸ್ತಿ ಆಗಲ್ಲ, ಆನೆ ಅವರಿಗೂ ಹೊಸದಲ್ಲ. ಆದರೆ ಬೇಗ ಶುರು ಮಾಡಿ ಬೇಗ ಮುಗಿಸಿ. ಕತ್ತಲಾದ ಮೇಲೆ ಆನೆ ಓಡಾಡುವ ದಾರಿಯಲ್ಲಿ ಯಾರೂ ನಡೆದು ಹೋಗುವ ಹಾಗಾಗಬಾರದು.