ಟೂರಿಂಗ್‌ಗೆ ಬೇರೆ ಬೈಕ್ ಬೇಕಾ? ಈಗಲೇ ಬೇಡ

ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಇದೆ, ಭಾನುವಾರ ನಂದಿ ಬೆಟ್ಟ, ವರ್ಷಕ್ಕೆ ಎರಡು ಸಲ ದೂರದ ಪ್ರವಾಸ, ಅದಕ್ಕಂತ 450 ಸಿಸಿದು ಇನ್ನೊಂದು ತಗೊಳ್ಳಲಾ ಅಂತ ಕೇಳಿದ್ದೀರಿ. ನನ್ನ ಮಟ್ಟಿಗೆ ಬೇಡ.

ನಾನೂ ಚಿಕ್ಕಬಳ್ಳಾಪುರದವನೇ. ಮೂರು ವರ್ಷ ಎರಡು ಬೈಕ್ ಸಾಕಿದ್ದೆ. ಹೌದು, ಸಾಕಿದ್ದೆ, ಹಸು ಕಟ್ಟಿದ ಹಾಗೆ! ದೊಡ್ಡದು ಸುಮ್ನೆ ಶೆಡ್‌ನಲ್ಲಿ ನಿಂತಿರುತ್ತಿತ್ತು. ಹಂಪಿಗೆ ಹೊರಟ ದಿನ ಬೆಳಗಿನ ಜಾವ ನೋಡಿದರೆ ಬ್ಯಾಟರಿ ಸತ್ತಿತ್ತು. ಅದಕ್ಕೆ ಕಿಕ್ಕರ್ರೂ ಇಲ್ಲ. ಕೊನೆಗೆ ಹಳೇ 350ರಲ್ಲೇ ಹೋಗಿಬಂದೆ, ಏನೂ ಕಡಿಮೆ ಆಗಲಿಲ್ಲ.

ಖರ್ಚೂ ನೋಡಿ. 2022ರ ದರದಲ್ಲಿ 150ರಿಂದ 350 ಸಿಸಿವರೆಗೆ ಥರ್ಡ್ ಪಾರ್ಟಿ ವಿಮೆ ವರ್ಷಕ್ಕೆ 1,366 ರೂಪಾಯಿ. 350 ದಾಟಿದರೆ 2,804. ಮೇಲಾಗಿ 2025ರ ಸೆಪ್ಟೆಂಬರ್‌ನಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ಶೇ. 18, ಅದರ ಮೇಲಿನದಕ್ಕೆ ಶೇ. 40. ಓಡಿಸದಿದ್ದರೂ ಟೈರ್ ಗಟ್ಟಿಯಾಗುತ್ತದೆ, ಆಯಿಲ್ ಬದಲಿಸಲೇಬೇಕು.

ನಿಮ್ಮ ಗಾಡಿಯ ಟ್ಯಾಂಕ್ 13 ಲೀಟರ್. ಬಾಗೇಪಲ್ಲಿ ಕಡೆ ಹೆದ್ದಾರಿಯಲ್ಲಿ 80-90ರಲ್ಲಿ ಆರಾಮಾಗಿ ಹೋಗುತ್ತದೆ. ಒಳ್ಳೆ ಸೀಟು, ಗಾಳಿ ತಡೆಯೋ ವಿಂಡ್‌ಶೀಲ್ಡ್, ಸ್ಯಾಡಲ್ ಬ್ಯಾಗ್ ಹಾಕಿಸಿ ಸಾಕು.

ಒಂದು ಮಾತ್ರ ಯೋಚಿಸಿ. ಭಾನುವಾರ ಗುಡಿಬಂಡೆ, ಆವಲಬೆಟ್ಟದ ಕಡೆ ಮಣ್ಣಿನ ದಾರಿ ಹುಡುಕುವ ಹುಚ್ಚು ಇದೆಯಾ? ಕ್ಲಾಸಿಕ್ 195 ಕೆ.ಜಿ., ಮರಳಲ್ಲಿ ಬಿದ್ದರೆ ಎತ್ತೋದೇ ಕಷ್ಟ ಅಲ್ವಾ. ಆಗ ಎರಡನೆಯದು ದೊಡ್ಡದಲ್ಲ, ಹೀರೋ ಎಕ್ಸ್‌ಪಲ್ಸ್ ಥರದ 160 ಕೆ.ಜಿ. ಆಸುಪಾಸಿನ ಹಗುರ ಗಾಡಿ, ಅದೂ ಸೆಕೆಂಡ್ ಹ್ಯಾಂಡ್. 450ರ ಆಸೆ ಬಿಡದಿದ್ದರೆ ಮುಂದಿನ ಪ್ರವಾಸಕ್ಕೆ ಬೆಂಗಳೂರಲ್ಲಿ ಬಾಡಿಗೆಗೆ ತಗೊಂಡು ನೋಡಿ.