ನಮ್ಮ ಮಕ್ಕಳು, ನಮ್ಮನ್ನು ನಂಬಿ ಬಂದ ಮಕ್ಕಳು

ಕಳೆದ ಸಂಚಿಕೆಯಲ್ಲಿ ಒಬ್ಬ ಓದುಗರಿಗೆ ಉತ್ತರಿಸುತ್ತಾ ನಮ್ಮ ಮಿಷನ್ ದಿನಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ನಾನು, ನನ್ನ ಗಂಡ 24 ವರ್ಷ ಮಕ್ಕಳ ಆಶ್ರಯವೊಂದರ ಒಳಗೇ ಮನೆ ಮಾಡಿಕೊಂಡಿದ್ದೆವು. ಬೀದಿಯಿಂದ ಬಂದವರು, ದುಡಿಮೆಯಿಂದ ಬಿಡಿಸಿಕೊಂಡು ಬಂದವರು, ಸ್ವಂತ ಮನೆಯಲ್ಲೇ ಹೊಡೆತ ತಿಂದು ಬಂದವರು, ಎಲ್ಲರೂ ಇದ್ದರು. ಅವರ ನಡುವೆಯೇ ನಮ್ಮ ಇಬ್ಬರು ಹೆಣ್ಣುಮಕ್ಕಳು ಬೆಳೆದರು. ಆ ನಾಲ್ಕು ಸಾಲಿಗೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಈ ಸಲದ ಅಂಕಣ ಪೂರ್ತಿ ಅವಕ್ಕೇ.

ಪ್ರಶ್ನೆ: ನನ್ನ ಗಂಡನಿಗೆ ದೇವರ ಕರೆ ಬಂದಿದೆ. ದೂರದ ಊರಿಗೆ ಹೋಗಿ ಬೀದಿ ಮಕ್ಕಳ ನಡುವೆ ಸೇವೆ ಮಾಡಬೇಕು ಅನ್ನುತ್ತಾರೆ. ನಮಗೆ 9 ವರ್ಷದ ಮಗ, 5 ವರ್ಷದ ಮಗಳು. ಹೋಗಲು ಆಸೆಯೂ ಇದೆ, ಭಯವೂ ಇದೆ. ನನಗೆ ನಂಬಿಕೆ ಕಮ್ಮಿಯಾ? – ಒಬ್ಬ ತಾಯಿ

ಉತ್ತರ: ಖಂಡಿತ ಅಲ್ಲಮ್ಮ. ನಿಮ್ಮ ಭಯಕ್ಕೆ ಕಾರಣ ಇದೆ. ಅದನ್ನು ಪ್ರಾರ್ಥನೆಯಲ್ಲಿ ಮಾತ್ರ ಹೇಳಿಕೊಂಡು ಸುಮ್ಮನಾಗಬೇಡಿ. ಗಂಡನ ಎದುರಿಗೂ ಹೇಳಿ.

ಹಿಂದಿನ ಎಷ್ಟೋ ತಾಯಂದಿರು ಈ ಭಯವನ್ನು ನುಂಗಿಕೊಂಡರು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಅವರ ಶಾಲೆ, ಅಚ್ಚುಕೂಟ, ಹೆಂಚಿನ ಕಾರ್ಖಾನೆ, ಕಿಟ್ಟೆಲ್ ನಿಘಂಟು ಎಲ್ಲ ನಮಗೆ ಗೊತ್ತು. ಅವರ ಮಕ್ಕಳ ಕಥೆ ಅಷ್ಟಾಗಿ ಗೊತ್ತಿಲ್ಲ. ಅದೇ ಮಿಷನ್‌ನ ಹೆರ್ಮನ್ ಗುಂಡರ್ಟ್ ಅವರ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು. ಅವಳಿಗೆ ನಾಲ್ಕು ವರ್ಷ ಆಗಿದ್ದಾಗ ತಂದೆ ತಾಯಿ ಅವಳನ್ನು ಯುರೋಪಿನಲ್ಲೇ ಬಿಟ್ಟು ಭಾರತಕ್ಕೆ ವಾಪಸ್ ಹೊರಟರು. ಆಗಿನ ಮಿಷನರಿಗಳಲ್ಲಿ ಅದೇ ರೂಢಿ. ಮುಂದೆ ಈ ಮರೀ ಬರಹಗಾರ ಹೆರ್ಮನ್ ಹೆಸ್ಸೆಯ ತಾಯಿಯಾದಳು. ನಾನು ಇದನ್ನು ಓದಿದ ರಾತ್ರಿ ನನ್ನ ಚಿಕ್ಕ ಮಗಳಿಗೂ ನಾಲ್ಕೇ ವರ್ಷ. ಪುಸ್ತಕ ಮುಚ್ಚಿಟ್ಟು ಹೋಗಿ ಅವಳ ಪಕ್ಕ ಮಲಗಿಕೊಂಡೆ. ಆ ತಂದೆ ತಾಯಿ ಕಲ್ಲು ಮನಸ್ಸಿನವರಾಗಿದ್ದರು ಅಂತ ನನಗೆ ಅನಿಸುವುದಿಲ್ಲ. ಮಗುವಿಗೆ ಏನಾಗುತ್ತದೆ ಅಂತ ಗಟ್ಟಿಯಾಗಿ ಕೇಳುವ ಅಭ್ಯಾಸ ಆಗ ಇರಲಿಲ್ಲ.

ನೀವು ಈಗ ಕೇಳಬಹುದು. ನಿಮ್ಮನ್ನು ಕಳಿಸುವವರ ಎದುರು ಕೂತು ಕೇಳಿ. ನಮ್ಮ ಮಕ್ಕಳ ಶಾಲೆಗೆ ಏನು ಮಾಡಿದ್ದೀರಿ? ರಾತ್ರಿ ಎರಡು ಗಂಟೆಗೆ ಫೋನ್ ಬಂದರೆ ನಮ್ಮನ್ನು ಬಿಟ್ಟು ಇನ್ಯಾರು ಹೋಗುತ್ತಾರೆ? ನಮ್ಮ ಮನೆಗೆ ಒಳಗಿನಿಂದ ಚಿಲಕ ಹಾಕಿಕೊಳ್ಳುವ ಬಾಗಿಲು ಇರುತ್ತದಾ? ವಾರಕ್ಕೆ ಒಂದು ದಿನವಾದರೂ ನಮ್ಮದೇ ಅಂತ ಇರುತ್ತದಾ? 'ದೇವರು ನೋಡಿಕೊಳ್ಳುತ್ತಾನೆ' ಅನ್ನುವುದೊಂದೇ ಉತ್ತರ ಆದರೆ ಇನ್ನೂ ಗಂಟುಮೂಟೆ ಕಟ್ಟಬೇಡಿ.

ಹೋಗುವುದೋ ಬೇಡವೋ ಅನ್ನುವ ಭಾರವನ್ನು ಮಗನ ಮೇಲೆ ಹಾಕಬೇಡಿ. ಆದರೆ ಏನನ್ನು ಬಿಟ್ಟು ಬರಲು ಕಷ್ಟ ಅಂತ ಕೇಳಿ. ನನ್ನ ದೊಡ್ಡವಳಿಗೆ ಆಗ ಏಳು ವರ್ಷ. ಶಾಲೆಯಲ್ಲಿ ಪಕ್ಕ ಕೂರುವ ಹುಡುಗಿಯ ಹೆಸರು ಹೇಳಿದಳು. ಹೊರಡುವ ಮೊದಲು ಆ ಹುಡುಗಿಯನ್ನು ಎರಡು ದಿನ ಮನೆಯಲ್ಲಿ ಉಳಿಸಿಕೊಂಡೆವು.

ಇನ್ನೊಂದು ಮಾತು. ಕರೆ ಮೊದಲು ಕೇಳಿಸಿದ್ದು ನನ್ನ ಗಂಡನಿಗೆ. ನನಗೆ ಎರಡು ವರ್ಷ ಬೇಕಾಯಿತು. ಅವರು ಕಾದರು, ಒಂದು ದಿನವೂ ತಳ್ಳಲಿಲ್ಲ. ಮುಂದೆ ಎಷ್ಟೋ ಕೆಟ್ಟ ದಿನಗಳಲ್ಲಿ ನಾನು 'ನಿಮ್ಮಿಂದ ಹೀಗಾಯಿತು' ಅನ್ನದೇ ಇದ್ದದ್ದು ಆ ಎರಡು ವರ್ಷದಿಂದ.

ಪ್ರಶ್ನೆ: ಕಾಲೇಜಿಗೆ ರಜೆ. ಎರಡು ವಾರ ಅನಾಥಾಶ್ರಮವೊಂದಕ್ಕೆ ಹೋಗಿ ಪುಟ್ಟ ಮಕ್ಕಳಿಗೆ ಪ್ರೀತಿ ಕೊಡಬೇಕು ಅಂತಿದ್ದೇನೆ. ಏನು ತೆಗೆದುಕೊಂಡು ಹೋಗಲಿ? – ವಿದ್ಯಾರ್ಥಿನಿ

ಉತ್ತರ: ನಿಮ್ಮ ಮನಸ್ಸು ಒಳ್ಳೆಯದು. ಆದರೂ ಪುಟ್ಟ ಮಕ್ಕಳನ್ನು ಎತ್ತಿಕೊಳ್ಳಲು ಎರಡು ವಾರ ಹೋಗಬೇಡಿ.

ನಮ್ಮಲ್ಲಿ ನಾಲ್ಕು ವರ್ಷದ ಹುಡುಗನೊಬ್ಬ ಇದ್ದ. ಗೇಟಿನೊಳಗೆ ಯಾರೇ ಬರಲಿ, ಓಡಿ ಹೋಗಿ ಕಾಲು ತಬ್ಬಿಕೊಳ್ಳುತ್ತಿದ್ದ. ಬಂದವರಿಗೆ ಕಣ್ಣಲ್ಲಿ ನೀರು, 'ಎಷ್ಟು ಪ್ರೀತಿ ನೋಡಿ' ಅನ್ನುತ್ತಿದ್ದರು. ನಮಗೆ ಎದೆ ಧಸಕ್ ಅನ್ನುತ್ತಿತ್ತು. ತನ್ನವರು ಅಂತ ಇರುವ ಮಗು ಹೊಸ ಮುಖ ಕಂಡರೆ ಮೊದಲು ತನ್ನವರ ಹಿಂದೆ ಅಡಗುತ್ತದೆ. ಈ ಹುಡುಗನಿಗೆ ಅಡಗಲು ಯಾರೂ ಸಿಕ್ಕಿರಲಿಲ್ಲ. ಅದಕ್ಕೇ ಎಲ್ಲರನ್ನೂ ತಬ್ಬುತ್ತಿದ್ದ.

ರೊಮೇನಿಯಾದ ಬುಖಾರೆಸ್ಟ್‌ನಲ್ಲಿ ಈ ವಿಷಯದ ಬಗ್ಗೆ ಒಂದು ದೊಡ್ಡ ಅಧ್ಯಯನ ನಡೆದಿದೆ. ಆಶ್ರಮಗಳಲ್ಲಿದ್ದ 136 ಪುಟ್ಟ ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಆರಿಸಿ ಸಾಕು ಕುಟುಂಬಗಳಿಗೆ ಕೊಟ್ಟರು. ಕುಟುಂಬ ಸಿಕ್ಕವರು ಚೇತರಿಸಿಕೊಂಡರು. ಎರಡು ವರ್ಷ ತುಂಬುವ ಮೊದಲೇ ಸಿಕ್ಕವರು ಜಾಸ್ತಿ ಚೇತರಿಸಿಕೊಂಡರು. ಬೇಕಾಗಿರುವುದು ದಿನಾ ಬೆಳಗ್ಗೆ ಅದೇ ಮುಖ. ಎರಡು ವಾರ ಪ್ರೀತಿ ಕೊಟ್ಟು ನೀವು ಹೊರಟಾಗ ಮಗುವಿಗೆ ಸಿಗುವುದು ಇನ್ನೊಂದು ಬಿಟ್ಟು ಹೋಗುವಿಕೆ.

ಹೋಗಲೇಬೇಕು ಅಂದರೆ ಅಲ್ಲಿನ ಕೆಲಸಗಾರರಿಗೆ ಸಹಾಯ ಮಾಡಿ. ಲೆಕ್ಕ ಬರೆದುಕೊಡಿ, ಕಿಟಕಿಗೆ ಬಣ್ಣ ಬಳಿಯಿರಿ. ಅಥವಾ ನಿಮ್ಮ ಹತ್ತಿರದಲ್ಲೇ ಒಬ್ಬ ಮಗುವಿಗೆ ವಾರಕ್ಕೆ ಒಂದು ದಿನ, ವರ್ಷ ಪೂರ್ತಿ, ತಪ್ಪದೆ ಪಾಠ ಹೇಳಿಕೊಡಿ. ಎರಡು ವಾರಕ್ಕಿಂತ ಇದು ಕಷ್ಟ, ಅಲ್ವಾ?

ಪ್ರಶ್ನೆ: ನನ್ನ ತಂದೆ ತಾಯಿ ಮಿಷನರಿಗಳು. ನನಗೀಗ 24. ನನ್ನ ಬಾಲ್ಯವೆಲ್ಲ ಬೇರೆಯವರ ಮಕ್ಕಳಿಗೆ ಹೋಯಿತು. ನನಗೆ ಕಷ್ಟ ಅಂತ ಹೇಳಲು ಹೋದರೆ ಆ ಮಕ್ಕಳ ಕಷ್ಟದ ಮುಂದೆ ನನ್ನದು ಏನೂ ಅಲ್ಲ. ಸಿಟ್ಟು ಬರುತ್ತದೆ, ಆಮೇಲೆ ನಾಚಿಕೆಯಾಗುತ್ತದೆ. – ಹೆಸರು ಬೇಡ

ಉತ್ತರ: ನಿಮ್ಮ ಪತ್ರವನ್ನು ನಾನು ಮೂರು ಸಲ ಓದಿದೆ. ಇದನ್ನೇ ನನ್ನ ಮಗಳು ನನಗೆ ಹೇಳಿದ್ದಾಳೆ.

ದೊಡ್ಡವಳಿಗೆ 11 ವರ್ಷ. ಶಾಲೆಯಲ್ಲಿ ಸಂಜೆ ನಾಟಕ. ಅವಳದು ನದಿಯ ಪಾತ್ರ, ನೀಲಿ ಬಟ್ಟೆ ನಾನೇ ಹೊಲಿದಿದ್ದೆ. ಹೊರಡುವ ಹೊತ್ತಿಗೆ ಒಬ್ಬ ಹುಡುಗ ಕಾಣೆ. ಬಂದು ಒಂಬತ್ತು ದಿನವಾಗಿತ್ತು, ಗೋಡೆ ಹಾರಿ ಹೋಗಿದ್ದ. ನಾವಿಬ್ಬರೂ ಹುಡುಕಲು ಓಡಿದೆವು. ರಾತ್ರಿ ಹತ್ತು ಗಂಟೆಗೆ ಅವನನ್ನು ಕರೆದುಕೊಂಡು ಬಂದಾಗ ಮಗಳು ಮೆಟ್ಟಿಲ ಮೇಲೆ ಅದೇ ನೀಲಿ ಬಟ್ಟೆಯಲ್ಲಿ ಕೂತಿದ್ದಳು. ಅಳುತ್ತಿರಲಿಲ್ಲ. ನಾನು ಅವಳಿಗೆ ಹೇಳಿದ್ದು ಇಷ್ಟು: 'ನಿನಗೆ ನಾವಿದ್ದೇವೆ. ಅವನಿಗೆ ಯಾರೂ ಇಲ್ಲ.'

ಹುಡುಕಲು ಹೋಗಿದ್ದು ತಪ್ಪಲ್ಲ. ಆ ಮಾತು ತಪ್ಪು. ಅವಳು ಅದನ್ನು ನಿಯಮ ಅಂತ ತೆಗೆದುಕೊಂಡಳು. ಆ ಮೇಲೆ ತನಗೆ ಏನು ಬೇಕು ಅಂತ ಕೇಳುವುದನ್ನೇ ಬಿಟ್ಟಳು. ನಾನೋ, ಎಷ್ಟು ಒಳ್ಳೆಯ ಹುಡುಗಿ, ಹಟವೇ ಇಲ್ಲ ಅಂತ ಎಲ್ಲರ ಮುಂದೆ ಹೊಗಳಿದೆ. ನಮ್ಮ ಅಡುಗೆ ಮನೆಯಲ್ಲಿ ಕೆಲಸ ಮಾಡುತ್ತಿದ್ದ ಹಿರಿಯ ಹೆಂಗಸೊಬ್ಬರು ಒಂದು ದಿನ ಮೆಲ್ಲಗೆ ಕೇಳಿದರು, 'ಈ ಹುಡುಗಿಗೆ ತಾಯಿ ಎಲ್ಲಿ?' ಅಂದಿನಿಂದ ಗುರುವಾರ ನಾಲ್ಕು ಗಂಟೆಯ ಮೇಲೆ ನಮ್ಮ ಬಾಗಿಲಿಗೆ ಚಿಲಕ ಬಿತ್ತು. ಹೊರಗೆ ಏನೇ ಆಗಲಿ, ಆ ಸಂಜೆ ಬೇರೆಯವರ ಪಾಳಿ. ಆದರೆ ಆ ನಾಟಕದ ರಾತ್ರಿಯ ಬಗ್ಗೆ ಅವಳು ಬಾಯಿ ಬಿಟ್ಟಿದ್ದು 23ನೇ ವಯಸ್ಸಿಗೆ. ನಾನು ವಿವರಣೆ ಕೊಡಲು ಶುರು ಮಾಡಿದೆ. ಅವಳು ಕೈ ಅಡ್ಡ ಹಿಡಿದಳು. ಆಗ ಸುಮ್ಮನಾದೆ. 'ಇನ್ನೂ ಏನೇನಿದೆ ಹೇಳು' ಅಂದೆ. ಬೆಳಗಿನವರೆಗೂ ಹೇಳಿದಳು.

ಹಾಗಾಗಿ ಹೇಳುತ್ತೇನೆ. ನೋವನ್ನು ತಕ್ಕಡಿಯಲ್ಲಿ ಇಡಬೇಡಿ. ಆ ಮಕ್ಕಳ ಕಷ್ಟ ದೊಡ್ಡದು, ನಿಮ್ಮದೂ ಇತ್ತು. ನಿಮ್ಮ ಹಾಗೆ ಊರಿಂದ ಊರಿಗೆ, ಭಾಷೆಯಿಂದ ಭಾಷೆಗೆ ಬೆಳೆದ ಮಕ್ಕಳಿಗೆ 'ಮೂರನೇ ಸಂಸ್ಕೃತಿಯ ಮಕ್ಕಳು' ಅಂತ ಹೆಸರಿದೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ರೂತ್ ಯೂಸೀಮ್ ಆ ಹೆಸರು ಕೊಟ್ಟರು. 1950ರ ದಶಕದಲ್ಲಿ ಭಾರತಕ್ಕೆ ಬಂದು ಇಲ್ಲಿ ವಾಸವಿದ್ದ ಅಮೆರಿಕನ್ನರ ಬದುಕನ್ನು ನೋಡುವಾಗ ಅವರಿಗೆ ಇದು ಕಂಡಿತು. ಹೆಸರು ಇದೆ ಅಂದರೆ ನೀವೊಬ್ಬರೇ ಅಲ್ಲ ಅಂತ.

ತಂದೆ ತಾಯಿಗೆ ಹೇಳಿ. 'ನನಗೆ ಕೃತಜ್ಞತೆ ಇದೆ, ಆದರೆ' ಅಂತ ಶುರು ಮಾಡಬೇಡಿ. ಒಂದೇ ಒಂದು ಘಟನೆ ಆರಿಸಿಕೊಳ್ಳಿ. ದಿನ, ಜಾಗ, ನೀವು ಹಾಕಿಕೊಂಡಿದ್ದ ಬಟ್ಟೆ ಎಲ್ಲ ಹೇಳಿ. ಅವರು ಮೊದಲು ತಮ್ಮನ್ನು ಸಮರ್ಥಿಸಿಕೊಳ್ಳಬಹುದು. ಅಲ್ಲಿಗೇ ನಿಲ್ಲಿಸಬೇಡಿ.

ಪ್ರಶ್ನೆ: ನಾನು ಮಕ್ಕಳ ಆಶ್ರಯದಲ್ಲಿ ಕೆಲಸ ಮಾಡುತ್ತೇನೆ. 10 ವರ್ಷದ ಹುಡುಗಿ, ಬಂದು ನಾಲ್ಕು ವರ್ಷ. ಹೊಟ್ಟೆ ತುಂಬ ಊಟ ಇದೆ. ಆದರೂ ತಿಂಡಿ ಕದ್ದು ದಿಂಬಿನ ಕೆಳಗೆ ಇಡುತ್ತಾಳೆ, ಕೇಳಿದರೆ ಸುಳ್ಳು. ಇಷ್ಟು ಮಾಡಿದರೂ ಉಪಕಾರ ಸ್ಮರಣೆ ಇಲ್ಲ. ಸೋತಿದ್ದೇನೆ. – ಆಪ್ತ ಪಾಲಕಿ

ಉತ್ತರ: ಅದನ್ನು ಕಳ್ಳತನ ಅಂತ ಕರೆಯುವುದನ್ನು ಮೊದಲು ನಿಲ್ಲಿಸಿ. ಹಸಿದು ಬೆಳೆದ ಮೈಗೆ ಹಸಿವು ಮುಗಿದಿದೆ ಅಂತ ಗೊತ್ತಾಗಲು ವರ್ಷಗಟ್ಟಲೆ ಬೇಕು. ಬುದ್ಧಿಗೆ ಗೊತ್ತು, ನಾಳೆಯೂ ಊಟ ಇದೆ ಅಂತ. ಮೈ ನಂಬುವುದಿಲ್ಲ. ಗದರಿಸಿದಷ್ಟೂ ಆ ಭಯ ನಿಜ ಅನಿಸುತ್ತದೆ.

ನಾವು ಇಂಥ ಹುಡುಗಿಗೆ ಮುಚ್ಚಳ ಇರುವ ಒಂದು ತಗಡಿನ ಡಬ್ಬಿ ಕೊಟ್ಟೆವು. ಅವಳದೇ ಡಬ್ಬಿ, ಹಾಸಿಗೆ ಪಕ್ಕದಲ್ಲೇ. ಪ್ರತಿ ರಾತ್ರಿ ಬಿಸ್ಕತ್ತು ತುಂಬಿಸುವುದು ನನ್ನ ಕೆಲಸ. ಮೊದಲು ಬೆಳಗಾಗುವುದರೊಳಗೆ ಖಾಲಿ. ಆಮೇಲೆ ಅರ್ಧ ಉಳಿಯತೊಡಗಿತು. ಮೂರು ವರ್ಷದ ಮೇಲೆ ಒಂದು ದಿನ ಗುಡಿಸುವಾಗ ನೋಡುತ್ತೇನೆ, ಡಬ್ಬಿಗೆ ಇರುವೆ ಮುತ್ತಿದೆ. ಅವಳು ಅದನ್ನು ಮರೆತೇಬಿಟ್ಟಿದ್ದಳು. ಆ ಇರುವೆಗಳನ್ನು ನೋಡಿ ನಾನು ಅತ್ತೆ.

ಉಪಕಾರ ಸ್ಮರಣೆ ಕೇಳಬೇಡಿ. ಊಟ, ಹಾಸಿಗೆ, ಶಾಲೆ ಮಗುವಿಗೆ ಸಿಗಬೇಕಾದ್ದೇ. ನೀವು ಸೋತಿದ್ದೀರಿ ಅನ್ನುವುದೂ ನಿಜ, ಅದನ್ನು ಹಗುರವಾಗಿ ನೋಡಬೇಡಿ. ದಿನಾ ಬೇರೆಯವರ ನೋವು ಕೇಳುವವರಿಗೆ ನಿದ್ದೆ ಕೆಡುತ್ತದೆ, ಸಿಟ್ಟು ಜಾಸ್ತಿಯಾಗುತ್ತದೆ. ಕೇಳಿ ರಜೆ ತೆಗೆದುಕೊಳ್ಳಿ. ಹೋಗುವ ಮುಂಚೆ ಎಂದು ವಾಪಸ್ ಬರುತ್ತೀರಿ ಅಂತ ಆ ಹುಡುಗಿಗೆ ಹೇಳಿ, ಅದೇ ದಿನ ಬನ್ನಿ.

ಪ್ರಶ್ನೆ: ನಮ್ಮ ಚರ್ಚ್ ಸಭೆಯವರು ಚಿಕ್ಕ ಮಕ್ಕಳ ಮನೆ ನಡೆಸುತ್ತೇವೆ. ಒಬ್ಬ ವಿಧವೆ ತಾಯಿ ಮಗನನ್ನು ಬಿಟ್ಟು ಹೋಗಲು ಬಂದಿದ್ದಾಳೆ, ಸಾಕುವ ಶಕ್ತಿ ಇಲ್ಲವಂತೆ. ಸೇರಿಸಿಕೊಳ್ಳೋಣವೇ?

ಉತ್ತರ: ಮಗನಿಗೆ ಅಪಾಯ ಇಲ್ಲ, ಕೊರತೆ ದುಡ್ಡಿನದು ಮಾತ್ರ ಅಂತಾದರೆ ಬೇಡ. ಮಗುವಿಗೆ ಮಾಡುವ ಖರ್ಚನ್ನು ತಾಯಿಗೆ ಮಾಡಿ. ಬಾಡಿಗೆಗೆ, ಶಾಲೆಗೆ, ಅವಳ ದುಡಿಮೆಗೆ ಕೈ ಹಿಡಿಯಿರಿ. ವಿಶ್ವಸಂಸ್ಥೆ 2009ರಲ್ಲಿ ಒಪ್ಪಿದ ಮಾರ್ಗಸೂಚಿಯಲ್ಲೂ ಇದೇ ಇದೆ: ಬಡತನ ಒಂದನ್ನೇ ಕಾರಣ ಮಾಡಿ ಮಗುವನ್ನು ತಂದೆ ತಾಯಿಯಿಂದ ಬೇರೆ ಮಾಡಬಾರದು. ನಾವು ಮೊದಲ ವರ್ಷಗಳಲ್ಲಿ ಬಾಗಿಲಿಗೆ ಬಂದ ಎಲ್ಲರನ್ನೂ ಸೇರಿಸಿಕೊಂಡೆವು. ಅದೇ ಪ್ರೀತಿ ಅಂದುಕೊಂಡಿದ್ದೆವು. ಅವರಲ್ಲಿ ಕೆಲವರು ಅಮ್ಮನ ಜೊತೆಯಲ್ಲೇ ಬೆಳೆಯಬಹುದಿತ್ತು. ಆ ವರ್ಷಗಳನ್ನು ನಾನು ಯಾರಿಗೂ ವಾಪಸ್ ಕೊಡಲಾರೆ.

ಪ್ರಶ್ನೆ: ಆಶ್ರಯಕ್ಕೆ ಬಂದ ಮಕ್ಕಳನ್ನು ನಮ್ಮ ನಂಬಿಕೆಗೆ ತರುವುದು ನಮ್ಮ ಕರ್ತವ್ಯ ಅಲ್ಲವೇ?

ಉತ್ತರ: ನಾನು ಯೇಸುವನ್ನು ನಂಬಿದವಳು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಹೋಗಲು ಬೇರೆ ಜಾಗವೇ ಇಲ್ಲದ ಮಗು ನಮ್ಮ ಮುಂದೆ 'ಹೂಂ' ಅಂದರೆ ಅದು ಒಪ್ಪಿಗೆಯಲ್ಲ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 14ನೇ ವಿಧಿ ಮಗುವಿನ ಮನಸ್ಸಾಕ್ಷಿಗೂ ಸ್ವಾತಂತ್ರ್ಯ ಕೊಟ್ಟಿದೆ. ನಮ್ಮಲ್ಲಿ ಸಂಜೆ ಪ್ರಾರ್ಥನೆಗೆ ಬರದವರಿಗೂ ಅದೇ ತಟ್ಟೆ, ಅದೇ ಗುಡ್‌ನೈಟ್.

ಪ್ರಶ್ನೆ: ನಮಗೆ 60 ದಾಟಿದೆ. 20 ವರ್ಷದ ಸೇವೆ ಮುಗಿಸಿ ಊರಿಗೆ ಹೊರಡಬೇಕು. ಮಕ್ಕಳಿಗೆ ಹೇಗೆ ಹೇಳುವುದು ಅಂತಲೇ ತಿಳಿಯುತ್ತಿಲ್ಲ.

ಉತ್ತರ: ಬೇಗ ಹೇಳಿ. ಕೊನೇ ವಾರದಲ್ಲಿ ಹೇಳಿ ಓಡಬೇಡಿ. ನಾವು ಆರು ತಿಂಗಳು ಮುಂಚೆ ಹೇಳಿದೆವು. ಗೋಡೆಗೆ ಕ್ಯಾಲೆಂಡರ್ ಹಾಕಿ ದಿನ ಗುರುತು ಮಾಡಿದೆವು. ನಮ್ಮ ಜಾಗಕ್ಕೆ ಬರುವ ದಂಪತಿ ಮೂರು ತಿಂಗಳು ನಮ್ಮ ಜೊತೆಗೇ ಇದ್ದರು. ಚಿಕ್ಕವರು 'ನಾವು ಏನು ತಪ್ಪು ಮಾಡಿದೆವು?' ಅಂತ ಕೇಳುತ್ತಾರೆ. ಬಾಯಿಬಿಟ್ಟು ಕೇಳದಿದ್ದರೂ ಒಳಗೆ ಕೇಳಿಕೊಳ್ಳುತ್ತಾರೆ. ಕೇಳುವ ಮೊದಲೇ ಉತ್ತರ ಹೇಳಿ: ನಮಗೆ ವಯಸ್ಸಾಗಿದೆ, ಮಂಡಿ ನೋಯುತ್ತದೆ, ನಿಮ್ಮಿಂದ ಏನೂ ಆಗಿಲ್ಲ. ಕೆಲವರು ಸಿಟ್ಟು ಮಾಡಿಕೊಂಡು ನಿಮ್ಮ ಹತ್ತಿರವೇ ಬರುವುದಿಲ್ಲ. ಬಿಡಿ, ಆದರೆ ದಿನಾ ಅವರ ಬಾಗಿಲಲ್ಲಿ ನಿಂತು ಹೆಸರು ಕರೆದು ಮಾತಾಡಿಸಿ.

ನಡೆಸಲಾಗದ ಮಾತು ಕೊಡಬೇಡಿ. ಅಳುವ ಮಗುವಿನ ಮುಂದೆ 'ವಾರ ವಾರ ಫೋನ್ ಮಾಡುತ್ತೇನೆ' ಅನ್ನಬೇಕು ಅನಿಸುತ್ತದೆ. ನಾವು ತಿಂಗಳ ಮೊದಲ ಭಾನುವಾರ ಸಂಜೆ ಐದು ಗಂಟೆ ಅಂದೆವು. ಆರು ವರ್ಷವಾಯಿತು, ತಪ್ಪಿಸಿಲ್ಲ. ಈಗ ಅಲ್ಲಿ ನಮ್ಮನ್ನು ಬಲ್ಲವರು ಏಳು ಮಂದಿ ಮಾತ್ರ ಉಳಿದಿದ್ದಾರೆ. ಹೋದ ತಿಂಗಳು ಅವರಲ್ಲೊಬ್ಬ ಫೋನಿಗೆ ಬರಲಿಲ್ಲ. ಆಟದ ನಡುವೆ ಇದ್ದಾನೆ, ಆಮೇಲೆ ಅಂತ ಹೇಳಿ ಕಳಿಸಿದ. ಮುಂದಿನ ಭಾನುವಾರ ತಿಂಗಳ ಮೊದಲನೆಯದು. ಐದು ಗಂಟೆಗೆ ಮಾಡುತ್ತೇನೆ.