ಜೇನ್ಸ್ ಟ್ರೇಸ್: ನದಿ ದಾಟುವಲ್ಲೇ ಊರುಗಳು ಹುಟ್ಟಿದ್ದೇಕೆ?

ಪ್ರಶ್ನೆ: ಅಮೆರಿಕದ ಓಹಾಯೊ ರಾಜ್ಯದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಜೇನ್ಸ್‌ವಿಲ್, ಲ್ಯಾಂಕಾಸ್ಟರ್, ಚಿಲಿಕಾಥಿ ಎಂಬ ಊರುಗಳನ್ನು ನೋಡಿದೆವು. ಮೂರೂ ಜೇನ್ಸ್ ಟ್ರೇಸ್ ಎಂಬ ಹಳೆಯ ದಾರಿಯಲ್ಲಿವೆ, ಮೂರೂ ನದಿಯ ದಂಡೆಯಲ್ಲಿವೆ. ಇದು ಆಕಸ್ಮಿಕವೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಮೊದಲ ಎರಡು ಊರುಗಳ ಮಟ್ಟಿಗೆ ಖಂಡಿತ ಆಕಸ್ಮಿಕವಲ್ಲ, ಮೂರನೆಯದರ ಕಥೆ ತುಸು ಬೇರೆ. ಓಹಾಯೊ ನದಿಯ ದಂಡೆಯ ವೀಲಿಂಗ್‌ನಲ್ಲಿ ನೆಲೆಸಿದ್ದ ಎಬೆನೀಜರ್ ಜೇನ್ ಅವರು, ಅಲ್ಲಿಂದ ಕೆಂಟಕಿಯ ಲೈಮ್‌ಸ್ಟೋನ್‌ವರೆಗೆ, ಅಂದರೆ ಇಂದಿನ ಮೇಸ್‌ವಿಲ್‌ವರೆಗೆ, ಕಾಡಿನ ನಡುವೆ ದಾರಿ ತೆರೆಯಲು ಅಮೆರಿಕದ ಕಾಂಗ್ರೆಸ್ಸನ್ನು ಕೋರಿದರು. 1796ರ ಮೇ ತಿಂಗಳಲ್ಲಿ ಅದಕ್ಕೆ ಕಾಯಿದೆಯಾಯಿತು. ಪ್ರತಿಫಲವಾಗಿ ಅವರಿಗೆ ದೊರೆತದ್ದು ಹಣವಲ್ಲ. ದಾರಿಯು ಮಸ್ಕಿಂಗಮ್, ಹಾಕಿಂಗ್ ಮತ್ತು ಸಯೋಟೊ ನದಿಗಳನ್ನು ದಾಟುವ ಕಡೆ ಒಂದೊಂದು ಚದರ ಮೈಲಿ, ಎಂದರೆ 640 ಎಕರೆ, ಜಮೀನನ್ನು ಸೈನಿಕರಿಗೆ ಕೊಡುತ್ತಿದ್ದ ಭೂಹಕ್ಕುಪತ್ರಗಳನ್ನು ಸಲ್ಲಿಸಿ ಪಡೆಯುವ ಅವಕಾಶ. ಆ ನದಿಗಳಲ್ಲಿ ದೋಣಿಯ ಕಡವು ನಡೆಸಬೇಕೆಂಬ ಷರತ್ತೂ ಅದರೊಡನೆ ಇತ್ತು.

ಊರುಗಳ ಹುಟ್ಟಿನ ಗುಟ್ಟು ಈ ಷರತ್ತಿನಲ್ಲಿದೆ ಎಂಬುದು ನನ್ನ ಅಭಿಪ್ರಾಯ. ದೋಣಿಗಾಗಿ ಕಾಯುವ ಪ್ರಯಾಣಿಕರಿಗೆ ಊಟ, ತಂಗುದಾಣ, ಕುದುರೆಗೆ ಮೇವು ಮತ್ತು ಲಾಳ ಬೇಕಾಗುತ್ತಿದ್ದುದರಿಂದ, ಕಡವಿನ ಸುತ್ತಲಿನ ನೆಲವೇ ಮನೆ ಕಟ್ಟಲು ಮತ್ತು ಅಂಗಡಿಯಿಡಲು ಲಾಭದ ಜಾಗವಾಯಿತು. ಮಸ್ಕಿಂಗಮ್ ದಂಡೆಯ ಜಮೀನನ್ನು ಜೇನ್ ಅವರು ದಾರಿಯ ಕೆಲಸದಲ್ಲಿ ನೆರವಾದ ತಮ್ಮ ಜೊನಾಥನ್ ಮತ್ತು ಅಳಿಯ ಜಾನ್ ಮೆಕಿಂಟೈರ್ ಅವರಿಗೆ 100 ಡಾಲರಿಗೆ ಬಿಟ್ಟುಕೊಟ್ಟರು. ಅಲ್ಲಿನ ಮೊದಲ ಕಡವಿನಲ್ಲಿದ್ದುದು ಜೋಡಿಸಿ ಕಟ್ಟಿದ ಎರಡು ಮರದ ದೋಣಿಗಳಷ್ಟೇ. ಅಲ್ಲಿ ಬೆಳೆದ ಊರೇ ಜೇನ್ಸ್‌ವಿಲ್. ಹಾಕಿಂಗ್ ದಂಡೆಯಲ್ಲಿ 1800ರಲ್ಲಿ ನಿವೇಶನಗಳ ಮಾರಾಟ ಆರಂಭವಾಯಿತು. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ನಿಂದ ಬಂದ ಜರ್ಮನ್ ಮೂಲದ ಕುಟುಂಬಗಳು ತವರಿನ ಹೆಸರನ್ನೇ ಹೊಸ ಊರಿಗೂ ಇಟ್ಟವು.

ಚಿಲಿಕಾಥಿಯನ್ನು ಮಾತ್ರ ನಥಾನಿಯಲ್ ಮ್ಯಾಸಿ ಎಂಬ ಭೂಮಾಪಕರು 1796ರಲ್ಲೇ ಸಯೋಟೊದ ಪಶ್ಚಿಮ ದಂಡೆಯಲ್ಲಿ ಸ್ಥಾಪಿಸಿದ್ದರು. ಆ ದಂಡೆ ವರ್ಜೀನಿಯಾದ ಸೈನಿಕರಿಗೆ ಮೀಸಲಾಗಿದ್ದುದರಿಂದ ಜೇನ್ ಅವರ ಪಾಲು ಎದುರಿನ ಪೂರ್ವ ದಂಡೆಗೆ ಬಿತ್ತು. ದಾರಿ ಈ ಊರನ್ನು ಹುಟ್ಟಿಸಲಿಲ್ಲ, ಆದರೆ ಬೆಳೆಸಿತು. 1803ರಲ್ಲಿ ಓಹಾಯೊ ರಾಜ್ಯವಾದಾಗ ಇದೇ ಅದರ ಮೊದಲ ರಾಜಧಾನಿಯಾಯಿತು.

ಇದನ್ನೆಲ್ಲ ನಿರ್ಜನ ಕಾಡಿನಲ್ಲಿ ಹೊಸದಾಗಿ ಕಡಿದ ದಾರಿಯೆಂದು ವರ್ಣಿಸುವುದು ಸರಿಯಲ್ಲ. ಬಹುಭಾಗ ಅದು ಮೂಲನಿವಾಸಿಗಳ ಹಳೆಯ ಕಾಲುದಾರಿಗಳನ್ನೇ ಹಿಡಿದು ಸಾಗಿತು; ದಾರಿ ತೋರಿಸಿದವರಲ್ಲಿ ಟೊಮೆಪೊಮೆಹಾಲಾ ಎಂಬ ಮೂಲನಿವಾಸಿಯೂ ಇದ್ದರು. 1794ರ ಫಾಲನ್ ಟಿಂಬರ್ಸ್ ಕದನದಲ್ಲಿ ಸೋತ ಶಾನಿ, ಡೆಲವೇರ್ ಮೊದಲಾದ ಜನಾಂಗಗಳು ಮರುವರ್ಷ ಗ್ರೀನ್‌ವಿಲ್ ಒಪ್ಪಂದದಲ್ಲಿ ಈ ಭೂಮಿಯನ್ನು ಬಿಟ್ಟುಕೊಡಬೇಕಾಗಿ ಬಂದದ್ದರಿಂದಲೇ ಕಾಂಗ್ರೆಸ್ಸಿಗೆ ಇಲ್ಲಿ ಜಮೀನು ಹಂಚುವ ಅಧಿಕಾರ ದಕ್ಕಿತ್ತು.

ಸುಮಾರು 230 ಮೈಲಿಯ ಈ ದಾರಿಯಲ್ಲಿ ಮೊದಲು ಕುದುರೆಗಳಷ್ಟೇ ಸಾಗಬಹುದಿತ್ತು. ರಾಜ್ಯ ರಚನೆಯ ನಂತರ ಅಗಲಗೊಂಡು ಬಂಡಿಗಳು ಓಡಿದವು. ಮುಂದೆ ಬಂದ ನ್ಯಾಷನಲ್ ರೋಡ್, ವೀಲಿಂಗ್‌ನಿಂದ ಜೇನ್ಸ್‌ವಿಲ್‌ವರೆಗೆ ಹೆಚ್ಚುಕಡಿಮೆ ಇದೇ ಜಾಡನ್ನು ಅನುಸರಿಸಿತು.